ಹೂ ಬಿಟ್ಟ ಗೆಡ್ಡೆ

ಚಳಿನಾಡಿನ ಬೆಟ್ಟವೊಂದರ ಮೇಲೆ ಮೋನಯ್ಯ ಗುರುಗಳ ಆಶ್ರಮ. ಅಲ್ಲಿ ಧ್ಯಾನಕ್ಕಿಂತ ತೋಟದ ಕೆಲಸವೇ ಹೆಚ್ಚು. ತೋಟದ ತುಂಬ ಐರಿಸ್. ಮೂರು ಎಸಳು ಮೇಲಕ್ಕೆತ್ತಿ, ಮೂರನ್ನು ಕೆಳಗೆ ಇಳಿಬಿಟ್ಟು ನಿಲ್ಲುವ ಹೂವು ಅದು.

ಸುತ್ತಲಿನ ಬೆಟ್ಟಗಳಲ್ಲೂ ಈ ಹೂವಿನ ಹುಚ್ಚು ಹತ್ತಿಸಿಕೊಂಡವರು ಬೇಕಾದಷ್ಟು ಜನ. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುತ್ತಿದ್ದರು. ಎಲ್ಲಕ್ಕಿಂತ ಚೆಂದದ ಹೊಸ ಹೂವು ಬೆಳೆದವರಿಗೆ ಸಭೆಯಲ್ಲಿ ಎಲ್ಲರಿಗಿಂತ ಮುಂದಿನ ಚಾಪೆ. ಅದೇ ಬಹುಮಾನ, ಅದೇ ಸನ್ಮಾನ.

ಹಿರಿಯ ಶಿಷ್ಯ ಸೋಮಲಿಂಗ ಒಮ್ಮೆ ಜೇನುಬಣ್ಣದ ಹೂವೊಂದನ್ನು ಬೆಳೆಸಿ ಆ ಚಾಪೆಯ ಮೇಲೆ ಕೂತ. ಆಮೇಲೆ ಏಳಲೇ ಇಲ್ಲ. ಹೊಸ ಹೂವು ತರದಿದ್ದರೂ ಪ್ರತಿ ವರ್ಷ ಹೋಗಿ ಅಲ್ಲೇ ಕೂರುತ್ತಿದ್ದ. ಏಳು ಅನ್ನುವ ಧೈರ್ಯ ಯಾರಿಗಿತ್ತು?

ಈ ವರ್ಷ ‘ಏಳು’ ಅಂದೇಬಿಟ್ಟರು. ಕಿರಿಯ ಶಿಷ್ಯೆ ಶಾಂಭವಿ ಮಳೆಮೋಡದ ಬಣ್ಣದ ಹೂವು ತಂದಿದ್ದಳು.

ಸೋಮಲಿಂಗ ಉರಿಯುತ್ತಲೇ ಬೆಟ್ಟ ಹತ್ತಿದ. ತೋಟದಲ್ಲಿ ಕಳೆ ಕೀಳುತ್ತಿದ್ದ ಗುರುಗಳಿಗೆ ನಮಸ್ಕಾರವನ್ನೂ ಮಾಡಲಿಲ್ಲ.

“ಎಲ್ಲರೆದುರು ನನ್ನನ್ನ ಎಬ್ಬಿಸಿದರು, ಗುರುಗಳೇ!”

“ಒಳ್ಳೇದಾಯಿತು. ಕಾಲು ಜೋಮು ಹಿಡಿದಿರಬೇಕು.”

“ತಮಾಷೆ ಬೇಡಿ! ಆ ಚಾಪೆ ನನ್ನದು. ನನ್ನ ಹೂವು ನೋಡಿ ಜನ ಬಾಯಿ ಬಿಟ್ಟಿದ್ದರು.”

“ಯಾವಾಗ?”

“ಯಾವಾಗ ಆದರೇನು! ಒಂದು ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಮುಟ್ಟಿಸೋದು ಹೇಗೆ ಅಂತ ಅವಳಿಗೆ ಕಲಿಸಿದವನು ನಾನು. ಈಗ ಗುರುವಿಗೇ ತಿರುಮಂತ್ರ!”

“ಅವಳು ಏನಂದಳು?”

“‘ಅಣ್ಣಾ, ನೀವೇ ಕೂತ್ಕೊಳ್ಳಿ’ ಅಂದಳು. ಕೂತ್ಕೊಳ್ಳಿ ಅಂತೆ! ಇವಳ ಕರುಣೆ ಯಾರಿಗೆ ಬೇಕಾಗಿತ್ತು? ಒಂದೇ ಮಾತು, ಗುರುಗಳೇ. ಈ ಆಶ್ರಮದಲ್ಲಿ ಅವಳಿರಬೇಕು, ಇಲ್ಲ ನಾನಿರಬೇಕು.”

ಹಿಂದೆಯೇ ಬಂದಿದ್ದ ಶಾಂಭವಿ ಬೇಲಿಯ ಬಳಿ ನಿಂತು ಅದನ್ನು ಕೇಳಿಸಿಕೊಂಡಳು. ನೇರ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಬಟ್ಟೆಯ ಗಂಟು. ಸೋಮಲಿಂಗ ಅವಳತ್ತ ಒಂದು ಹೆಜ್ಜೆ ಇಟ್ಟ. ಆದರೆ ಕೋಪ ಅವನನ್ನು ಅಲ್ಲೇ ತಡೆಯಿತು.

ಗುರುಗಳು ಎದ್ದು ಅವನ ಜೇನುಬಣ್ಣದ ಐರಿಸ್ ಸಾಲಿಗೆ ಹೋದರು. ಆಗಷ್ಟೇ ಹೂ ಮುಗಿಸಿದ್ದ ಗಿಡವೊಂದನ್ನು ಬುಡಸಮೇತ ಅಗೆದು ತೆಗೆದರು. ಶುಂಠಿಯಂಥ ದಪ್ಪ ಗೆಡ್ಡೆ, ಅದರ ಎರಡೂ ಮಗ್ಗುಲಲ್ಲಿ ಪುಟ್ಟ ಮರಿಗಳು. ಗೆಡ್ಡೆಯ ಜೊತೆಗೆ ಒಂದು ಚಾಕುವನ್ನೂ ಅವನ ಕೈಗಿಟ್ಟರು.

“ಮರಿಗಳನ್ನೆಲ್ಲ ಕತ್ತರಿಸಿ ತಿಪ್ಪೆಗೆ ಹಾಕು. ದೊಡ್ಡದೊಂದೇ ಇರಲಿ.”

ಸೋಮಲಿಂಗ ಕೆರಳಿದ. “ನನ್ನ ಹೂವಿನ ಮೇಲೂ ನಿಮಗೆ ಸಿಟ್ಟೇ? ಇದು ಹೂ ಬಿಟ್ಟು ಮುಗಿಸಿದ ಗೆಡ್ಡೆ. ಒಂದು ಗೆಡ್ಡೆ ಹೂ ಬಿಡೋದು ಒಂದೇ ಸಲ!”

“ಎಷ್ಟು ದಪ್ಪಗಿದೆ! ಇನ್ನೊಮ್ಮೆ ಬಿಟ್ಟೀತು.”

“ಬಿಡೋದಿಲ್ಲ! ಇಷ್ಟು ವರ್ಷ ಮಣ್ಣು ಕೆದಕಿದ ನನಗೆ ಗೊತ್ತಿಲ್ಲವೇ? ಇದರ ದಪ್ಪವೆಲ್ಲ ಮರಿಗಳಿಗೆ ಊಟ. ಮುಂದಿನ ಹೂವು ಇರೋದು ಅವುಗಳಲ್ಲಿ. ಅವನ್ನ ಕಿತ್ತೆಸೆದರೆ ಇದು ಸುಮ್ಮನೆ ಕೊಳೆಯುತ್ತೆ. ಈ ಗೆಡ್ಡೆಯ ವಂಶವೇ ಮುಗಿದುಹೋಗುತ್ತೆ!”

ಹೇಳಿದವನು ಕೈಯಲ್ಲಿದ್ದ ಗೆಡ್ಡೆಯನ್ನೇ ನೋಡುತ್ತ ನಿಂತುಬಿಟ್ಟ. ಅತ್ತ ಬೇಲಿಯ ಬಾಗಿಲು ಕಿರ್ ಎಂದಿತು.

ಗುರುಗಳು ಮತ್ತೆ ಕಳೆ ಕೀಳಲು ಕೂತರು.

“ಚಾಕು ಇಲ್ಲಿಟ್ಟು ಓಡು, ಸೋಮಲಿಂಗ. ಗಂಟು ಕಟ್ಟಿಸಿದವನೇ ಬಿಚ್ಚಿಸಬೇಕು.”