ಮೊಳಕೆಯ ಖರ್ಚು

ಮುಚ್ಚಿದ ಮಂಡಿಯಲ್ಲಿ ಒಂದು ಆಲೂಗಡ್ಡೆ ಉಳಿದುಹೋಗಿತ್ತು. ಕತ್ತಲಲ್ಲೇ ಇದ್ದರೆ ಕೊಳೆಯುವುದು ಖಂಡಿತ. ಬದುಕಬೇಕಾದರೆ ಗೋಡೆಯ ಬಿರುಕಿನ ಬೆಳಕನ್ನು ಮುಟ್ಟಬೇಕು. ಅದು ಮೊಳಕೆಯೊಡೆಯಿತು.

"ಹುಚ್ಚು ಹಿಡಿಯಿತೇ ತಮ್ಮಾ?" ಎಂದಿತು ಪಕ್ಕದ ಬೆಲ್ಲದಚ್ಚು. "ತಾಯಿಗಿಡದ ಎಲೆಯು ಗಾಳಿ, ನೀರು, ಬಿಸಿಲು ಸೇರಿಸಿ ನಿನ್ನೊಳಗೆ ಕಟ್ಟಿಕೊಟ್ಟ ಪಿಷ್ಟದ ಗಂಟನ್ನು ಯಾರಾದರೂ ಬಿಚ್ಚುತ್ತಾರೆಯೇ? ಎಲ್ಲಾ ಮತ್ತೆ ಗಾಳಿ ನೀರಾಗಿ ಹೋದೀತು. ನನ್ನನ್ನು ನೋಡು, ಕಬ್ಬು ಕೊಟ್ಟ ಸಿಹಿಯಲ್ಲಿ ಒಂದು ಚೂರೂ ಕರಗಿಸಿಲ್ಲ."

"ಗಾಳಿ ನೀರು ಹೋಗಲಿ ಬಿಡಣ್ಣ. ಬಿಚ್ಚಿದರೆ ತಾನೇ ಒಳಗಿನ ಬಿಸಿಲು ನನ್ನ ಕೆಲಸಕ್ಕೆ ಬರುವುದು?" ಎಂದು ಆಲೂಗಡ್ಡೆ ಸುಕ್ಕುಗಟ್ಟುತ್ತಲೇ ಮೊಳಕೆಯನ್ನು ಮುಂದೆ ದೂಡಿತು.

ಮೊಳಕೆ ಬಿರುಕು ದಾಟಿ ಹಸಿರೆಲೆ ಬಿಟ್ಟಿತು. ಅಣ್ಣನಿಗೆ ಹೇಳೋಣವೆಂದು ಆಲೂಗಡ್ಡೆ ಪಕ್ಕಕ್ಕೆ ನೋಡಿದರೆ, ಬೆಲ್ಲದ ಗಂಟನ್ನು ಪೂರ್ತಿ ಬಿಚ್ಚಿ ಮುಗಿಸಿದ ಇರುವೆಗಳು ಸಾಲಾಗಿ ಮನೆಗೆ ಹೊರಟಿದ್ದವು.