ಸಿಂಗ್ರಿ ಕಾರ್ಡು ಕೊಟ್ಟಿದ್ದು

ಬಾಯಲ್ಲಿ ಎಲೆಅಡಿಕೆ ಇದ್ದವರು ಮೊದಲು ಉಗುಳಿ ಬನ್ನಿ. ಆಮೇಲೆ ನಕ್ಕು ನೆತ್ತಿಗೆ ಹತ್ತಿದರೆ ನನ್ನನ್ನು ಬೈಬೇಡಿ.

ಮದ್ದೂರಿನ ಕೆಂಪಾಜವ್ವನಿಗೆ ಒಬ್ಬನೇ ಮಗ, ಸಿಂಗ್ರಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ! ಗುಂಡಿ ಹೊಲಿಯೋದು ಮಾತ್ರ ಚೆನ್ನಾಗಿ ಬರುತ್ತಿತ್ತು. ಟೈಲರ್ ಜವರಣ್ಣನ ಅಂಗಡಿಯಲ್ಲಿ ಇವನಿಗೊಂದು ಕೆಲಸ ಸಿಕ್ಕರೆ ಸಾಕಪ್ಪಾ ಅಂತ ಅವ್ವ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದಳು.

ಈ ಜವರಣ್ಣನಿಗೆ ಒಂದು ಹುಚ್ಚು. ಬಬಲ್‌ಗಮ್ ಜೊತೆ ಬರುತ್ತಲ್ಲ ಕ್ರಿಕೆಟ್ ಕಾರ್ಡು, ಅದನ್ನು ಸೇರಿಸೋದು. ಭಾನುವಾರ ಅವನ ಅಂಗಡಿಯಲ್ಲಿ ಅಂಥ ಹುಚ್ಚರೆಲ್ಲ ಸೇರುತ್ತಿದ್ದರು. ಮಾರೋ ಹಾಗಿಲ್ಲ, ಕೊಳ್ಳೋ ಹಾಗಿಲ್ಲ. ಇದ್ದವರು ಇಲ್ಲದವರಿಗೆ ಸುಮ್ಮನೆ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಸಿಂಗ್ರಿಯೂ ಬಬಲ್‌ಗಮ್ ಜಗಿದು ಜಗಿದು ಒಂದಿಷ್ಟು ಕೂಡಿಹಾಕಿದ್ದ.

“ನೀನೂ ಹೋಗ್ಲಾ ಮಗ, ಜವರಣ್ಣಂಗೆ ನಿನ್ ಮ್ಯಾಲೆ ಮನಸಾಗ್ಲಿ. ಇಲ್ಲದವ್ರಿಗೆ ಕೊಟ್ಬುಡು!” ಅಂದಳು ಅವ್ವ.

ಹೋದ. “ಏನ್ಲಾ ತಂದಿದ್ದೀಯ, ಕೊಡ್ಲಾ!” ಅಂತ ಜವರಣ್ಣ ಕೈ ಚಾಚಿದ.

“ನಿಮಗೆ ಕೊಡಕ್ಕಿಲ್ಲ ಕಣಣ್ಣ. ನೀವು ಇದ್ದೀರಲ್ಲ!”

ಸಿಂಗ್ರಿ ಬೀದಿ ಬೀದಿ ಅಲೆದ. ಯಾರು ಇಲ್ಲ? ಯಾರು ಇಲ್ಲ? ಬೀಗ ಹಾಕಿದ ಒಂದು ಮನೆ ಸಿಕ್ಕಿತು. ಆ ಮನೆಯವರು ಮಗಳ ಬಾಣಂತನಕ್ಕೆ ತುಮಕೂರಿಗೆ ಹೋಗಿದ್ದರು. ಬಾಗಿಲ ಸಂದಿಯಲ್ಲಿ ಕಾರ್ಡೆಲ್ಲ ತೂರಿಸಿ, ಬೀಗಕ್ಕೆ ನಮಸ್ಕಾರ ಹೇಳಿ ಬಂದ.

“ಅಯ್ಯೋ ನನ್ ಹಣೆಬರವೇ! ಇಲ್ಲದವ್ರು ಅಂದ್ರೆ ಕಾರ್ಡ್ ಇಲ್ಲದವ್ರು ಕಣ್ಲಾ ಪೆದ್ದೇ! ಜನ ಇರೋ ಕಡೆ ಹೋಗಿ ಕೈ ಬಿಚ್ಚಿ ಕೊಡು, ಕೈ ಬಿಚ್ಚಿ!” ಅಂತ ಅವ್ವ ಹಣೆ ಚಚ್ಚಿಕೊಂಡಳು.

ಇನ್ನೊಂದಿಷ್ಟು ಬಬಲ್‌ಗಮ್, ಇನ್ನೊಂದಿಷ್ಟು ಕಾರ್ಡು. ಮುಂದಿನ ಭಾನುವಾರ ಅಂಗಡಿಗೆ ಹೋದ. ಸರಿಯಾಗಿ ಟೇಬಲ್ ಫ್ಯಾನಿನ ಮುಂದೆ ನಿಂತು ಎರಡೂ ಕೈ ಬಿಚ್ಚಿದ. ಹಾರಿದವು ನೋಡಿ! ಒಂದು ಎದುರು ಹೋಟೆಲಿನ ವಡೆ ಬಾಣಲೆಗೆ ಬಿತ್ತು. ಇನ್ನೊಂದು ಬೆಂಗಳೂರು ಬಸ್ಸು ಹತ್ತಿ ಹೋಗೇಬಿಟ್ಟಿತು. ಹುಚ್ಚರೆಲ್ಲ ಬಸ್ಸಿನ ಹಿಂದೆ ಓಡಿದರು.

“ಅಯ್ಯೋ ನನ್ ಹಣೆಬರವೇ! ಕೊಟ್ಟಿದ್ದು ಇಸ್ಕೊಂಡವ್ರ ಕೈಲಿ ನಿಲ್ಬೇಕು ಕಣ್ಲಾ, ನಿಲ್ಬೇಕು!”

ಆ ವಾರ ಸಿಂಗ್ರಿಯ ಬಬಲ್‌ಗಮ್ಮಿನಲ್ಲಿ ಏನು ಬಂತು ಅಂತೀರಿ? ಜವರಣ್ಣ ವರ್ಷಾನುಗಟ್ಟಲೆ ಹುಡುಕುತ್ತಿದ್ದ ವಿಕೆಟ್‌ಕೀಪರ್ ಕಾರ್ಡು! ಅದೊಂದು ಸಿಕ್ಕರೆ ಅವನ ಸೆಟ್ಟು ಪೂರ್ತಿ. ಊರಲ್ಲಿ ಅದು ಎರಡೆರಡು ಇದ್ದವರೂ ಬಚ್ಚಿಟ್ಟುಕೊಂಡಿದ್ದರು, ಕಳ್ಳರು!

ಸಿಂಗ್ರಿ ಸೈಕಲ್ ಶಾಪಿಗೆ ಹೋಗಿ ಪಂಕ್ಚರ್ ಹಾಕೋ ಸಲ್ಯೂಷನ್ ಅಂಟು ಕೇಳಿ ತಂದ. ಕಾರ್ಡಿನ ಬೆನ್ನಿಗೆ ಚೆನ್ನಾಗಿ ಬಳಿದ. “ಜವರಣ್ಣ, ಕಣ್ಮುಚ್ಚಿ! ಕೈ ಚಾಚಿ!” ಅಂದವನೇ ಅಂಗೈಗೆ ಒತ್ತಿ ಹಿಡಿದ.

“ಕೀಪರ್ರು! ನನ್ ಕೀಪರ್ರು!” ಅಂತ ಜವರಣ್ಣ ಕುಣಿದ. ಆಲ್ಬಮ್ಮಿಗೆ ಹಾಕೋಣ ಅಂದರೆ ಕೀಪರ್ ಅಂಗೈ ಬಿಟ್ಟು ಏಳಲಿಲ್ಲ.

“ಕೀಳ್ಲಾ ಇದನ್ನ!”

“ಕೊಟ್ಟಿದ್ದ ಕಿತ್ಕೋಬಾರ್ದು ಕಣಣ್ಣ, ತಪ್ಪು!”

ಕೆಂಪಾಜವ್ವ ಸೀಮೆಎಣ್ಣೆ ಹಿಡಿದು ಓಡಿ ಬಂದಳು. ಉಜ್ಜಿ ಉಜ್ಜಿ ಬಿಡಿಸಿದರು. ಕೀಪರ್ ಆಲ್ಬಮ್ ಸೇರಿದ, ಬೆನ್ನ ಮೇಲೆ ಅಚ್ಚಾಗಿದ್ದ ಅವನ ರನ್ನೆಲ್ಲ ಜವರಣ್ಣನ ಅಂಗೈಯಲ್ಲೇ ಉಳಿದವು.

“ಇವನ್ನ ಓಡಿಸ್ಬ್ಯಾಡ ಕಣಪ್ಪಾ, ಇನ್ಯಾರೂ ಸೇರಿಸ್ಕೊಳಕ್ಕಿಲ್ಲ!” ಅಂತ ಅವ್ವ ಅತ್ತಳು.

ಜವರಣ್ಣನ ಕಣ್ಣಲ್ಲೂ ನೀರು. “ಓಡ್ಸೋದಾ? ರಾಶಿ ಇರೋವ್ರೆಲ್ಲ ಬಚ್ಚಿಟ್ಕೊಂಡ್ರು ಕಣವ್ವ. ಇದ್ದಿದ್ದೊಂದನ್ನೂ ಕೊಟ್ಟೋನು ಇವನೊಬ್ಬನೇ. ನಾಳೆಯಿಂದ ಕೆಲಸಕ್ಕೆ ಬರ್ಲಿ.” ಆಮೇಲೆ ಸಿಂಗ್ರಿ ಕಡೆ ತಿರುಗಿದ. “ನಂಬಿ ಕರೀತಿದ್ದೀನಿ. ಕೈ ಕೊಡ್ಬ್ಯಾಡ, ಅಷ್ಟೇಯ!”

“ಕೊಡಕ್ಕಿಲ್ಲ ಕಣಣ್ಣ, ನಮ್ಮವ್ವನಾಣೆ!”

ಬೆಳಿಗ್ಗೆ ಸಿಂಗ್ರಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು ಕೂತ. ಅಚ್ಚುಕಟ್ಟಾಗಿ ಗುಂಡಿ ಹೊಲಿದ. ಅವ್ವ ಎದುರು ಜಗಲಿಯಲ್ಲಿ ಕೂತು ನೋಡಿ ನೋಡಿ ಹಿಗ್ಗಿದಳು. ಮಧ್ಯಾಹ್ನ ಜವರಣ್ಣ ಅಟ್ಟದ ಮೇಲಿದ್ದ ಬಟ್ಟೆ ತೆಗೆಯಲು ಏಣಿ ಹತ್ತಿದ. ಏಣಿ ಜಾರಿತು! ಅಟ್ಟದ ತೊಲೆ ಹಿಡಿದು ನೇತಾಡುತ್ತಾ ಕೂಗಿಕೊಂಡ.

“ಕೈ ಕೊಡ್ಲಾ ಸಿಂಗ್ರಿ! ಬಿರ್ನೆ ಕೈ ಕೊಡ್ಲಾ!”

ಸಿಂಗ್ರಿ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಟ್ಟಗೆ ನಿಂತ.

“ಎಷ್ಟು ಕೂಗಿದ್ರೂ ಕೊಡಕ್ಕಿಲ್ಲ ಕಣಣ್ಣ! ನೀವು ನಂಬಿ ಕರ್ದಿದ್ದೀರಿ!”

ಧೊಪ್! ಜವರಣ್ಣನೂ ಕೆಳಗೆ ಬಂದ, ನನ್ನ ಕತೆಯೂ ಕೆಳಗೆ ಬಂತು.