ಆಕಳಿಕೆಯ ಪೆಟ್ಟಿಗೆಗಳೂ ನಲವತ್ತೊಂದನೆಯ ಹೆಸರೂ

ಒಂದಾನೊಂದು ಊರಿನಲ್ಲಿ ಜಾಗಟೆರಾಯ ಅಂತ ಒಬ್ಬ ದೊರೆ. ಅವನಿಗೆ ಒಂದೇ ಚಿಂತೆ. ರಾಜ್ಯದಲ್ಲಿ ಯಾರು ಆಕಳಿಸಿದರೂ ಅದು ದಾಖಲಾಗಬೇಕು. ಎಮ್ಮೆ ಆಕಳಿಸಿದರೂ ಬಿಡಬಾರದು. ಅದಕ್ಕಾಗಿ ನಲವತ್ತು ಬೆಟ್ಟಗಳ ಮೇಲೆ ನಲವತ್ತು ಸರ್ವರ್ ಪೆಟ್ಟಿಗೆ ಇಡಿಸಿದ್ದ. ಆಕಳಿಕೆಗಳನ್ನೆಲ್ಲ ಅವು ನೆನಪಿಟ್ಟುಕೊಳ್ಳುತ್ತಿದ್ದವು.

ಆದರೆ ಆಕಳಿಕೆ ತುಂಬಿದ ಪೆಟ್ಟಿಗೆ ತಾನೂ ಆಕಳಿಸುತ್ತದೆ. ಅದನ್ನು ನೋಡಿ ಪಕ್ಕದ ಬೆಟ್ಟದ್ದೂ ಆಕಳಿಸುತ್ತದೆ. ಆಮೇಲೆ ನಲವತ್ತೂ ನಿದ್ದೆ ಹೋಗುತ್ತವೆ. ಹಾಗಾಗದಂತೆ ನೋಡಿಕೊಳ್ಳುವವರು ದಫ್ತರದ ಮುಖ್ಯಸ್ಥೆ ಅಂಬುಜಾಕ್ಷಮ್ಮ, ಬಿ.ಎ. ಅವರು ಬೆಟ್ಟ ಹತ್ತಿ, "ಹಳೆಯದನ್ನು ಮರೆತುಬಿಡಪ್ಪ" ಅನ್ನಬೇಕು. ಪೆಟ್ಟಿಗೆ ಮರೆಯುತ್ತದೆ. ಅವರು ಇಳಿಯಬೇಕು. ಇನ್ನೊಂದನ್ನು ಹತ್ತಬೇಕು. ನಲವತ್ತನೆಯದನ್ನು ಇಳಿಯುವಷ್ಟರಲ್ಲಿ ಮೊದಲನೆಯದು ತುಂಬಿರುತ್ತದೆ.

"ಅತ್ತೆ, ನಿಮ್ಮ ಮಂಡಿಯ ಕಟಕಟ ಕೇಳಿದ್ರೆ ಬೆಟ್ಟಾನೇ ಅಯ್ಯೋ ಪಾಪ ಅಂತ ಇಳಿದು ಬರುತ್ತೆ" ಅಂದಳು ಸೊಸೆ ಕುಮುದಿನಿ.

ಅಂಬುಜಾಕ್ಷಮ್ಮ ಸಂತೆಗೆ ಹೋಗಿ ಒಂದು ಮರದ ಬೊಂಬೆ ತಂದರು. ದೂರದ ಪೆಟ್ಟಿಗೆಗಳನ್ನು ಕೂತಲ್ಲಿಂದಲೇ ನೋಡಿಕೊಳ್ಳುವ ಬೊಂಬೆ.

"ನನಗೆ ಮೂರು ಬೇಕು" ಅಂದಿತು ಬೊಂಬೆ. "ಯಾರು ಯಾರು ಅಂತ ಒಂದು ಪಟ್ಟಿ. ಅವರ ಬೀಗದ ಕೈ. ಏನಾಗಬೇಕು ಅಂತ ಒಂದು ಹಾಳೆ. ಪಟ್ಟಿಯಲ್ಲಿರೋರನ್ನ ಹಾಳೆಯಲ್ಲಿರೋ ಹಾಗೆ ಮಾಡ್ತೀನಿ. ಆಗಲೇ ಹಾಗಿದ್ರೆ ಮುಟ್ಟೋದಿಲ್ಲ. ಯಾಕೆ ಅಂತ ಕೇಳೋದೂ ಇಲ್ಲ."

ಬೀಗದ ಕೈಗಾಗಿ ಕೊನೆಯದಾಗಿ ಒಮ್ಮೆ ನಲವತ್ತು ಬೆಟ್ಟ ಹತ್ತಿದರು. ಹದಿನೆಂಟನೆಯ ಪೆಟ್ಟಿಗೆ ಹಟ ಮಾಡಿತು.

"ಇನ್ನು ನೀವು ಬರೋದಿಲ್ವಾ?"

"ಬೊಂಬೆ ಹೇಳುತ್ತೆ. ಕೇಳು."

"ಬೊಂಬೆಗೆ ಏದುಸಿರು ಬರುತ್ತಾ?"

"ಬರೋದಿಲ್ಲ."

"ಹಾಗಾದ್ರೆ ಅದು ಬಂದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂತ ಗೊಣಗುತ್ತಲೇ ಬೀಗದ ಕೈ ಕೊಟ್ಟಿತು.

ಬೀಗದ ಕೈಗಳನ್ನೆಲ್ಲ ತಮ್ಮ ಸ್ವಂತ ಕೈಗಳಿದ್ದ ಸೊಂಟದ ಗೊಂಚಲಿಗೆ ಸೇರಿಸಿ, ಗೊಂಚಲನ್ನೇ ಬೊಂಬೆಗೆ ಕೊಟ್ಟು ಅಂಬುಜಾಕ್ಷಮ್ಮ ಪಟ್ಟಿ ಬರೆಯಲು ಕೂತರು. ಅವರ ದಫ್ತರದಲ್ಲಿ ಒಂದು ಪದ್ಧತಿ. ಯಾವ ಪಟ್ಟಿಯಾದರೂ ಮೊದಲ ಸಾಲಿನಲ್ಲಿ ಬರೆದವರ ಹೆಸರು ಇರಬೇಕು. ಪದ್ಧತಿ ತಂದವರೇ ಅವರು. ಮೊದಲು ತಮ್ಮ ಹೆಸರು ಬರೆದರು, ಕೆಳಗೆ ನಲವತ್ತು ಪೆಟ್ಟಿಗೆಗಳ ಹೆಸರು. ಹಾಳೆಯಲ್ಲಿ ಬರೆದರು: "ಮೂವತ್ತು ದಿನಕ್ಕಿಂತ ಹಳೆಯದನ್ನೆಲ್ಲ ಮರೆಯತಕ್ಕದ್ದು."

"ಮಾಡೋಕೆ ಮುಂಚೆ ಹೇಳಿಬಿಡ್ತೀನಿ" ಅಂದಿತು ಬೊಂಬೆ. "ನಲವತ್ತೊಂದು ಕಡೆ ಬದಲಾಗುತ್ತೆ."

"ನಲವತ್ತು" ಅಂದರು ಅಂಬುಜಾಕ್ಷಮ್ಮ.

"ನಲವತ್ತೊಂದು."

"ಅತ್ತೆ, ಪಟ್ಟಿ ಒಂದ್ಸಲ ನೋಡಿಬಿಡಿ."

"ನನ್ನ ಪಟ್ಟೀಲಿ ತಪ್ಪೇ? ಮರಕ್ಕೆ ಎಣಿಸೋದು ಬರೋದಿಲ್ಲ ಕಣೇ. ನಡೆಸು."

ಬೊಂಬೆ ನಡೆಸಿತು. ನಲವತ್ತು ಬೆಟ್ಟಗಳ ಮೇಲೆ ನಲವತ್ತು ಪೆಟ್ಟಿಗೆ ಹಗುರಾದವು. ಅಂಬುಜಾಕ್ಷಮ್ಮನವರೂ ಹಗುರಾದರು. ತಾವು ಬಿ.ಎ. ಅನ್ನುವುದು ಮಾತ್ರ ನೆನಪಿತ್ತು. ಅದನ್ನು ನಿನ್ನೆಯೂ ಯಾರಿಗೋ ಹೇಳಿದ್ದರು.

ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಮುಖ ಗೊತ್ತಿತ್ತು.

"ಮೂವತ್ತು ದಿನದಿಂದ ನೋಡ್ತಿದೀನಿ" ಅಂದರು. "ಯಾರಮ್ಮ ನೀನು? ನಮ್ಮನೇಲಿ ಯಾಕೆ ಕಾಫಿ ಮಾಡ್ತೀಯ?"

ಕುಮುದಿನಿ ಬೊಂಬೆಯ ಕತ್ತು ಹಿಡಿದಳು. "ಮೊದಲಿನ ಹಾಗೆ ಮಾಡು!"

"ಮೊದಲಿನ ಹಾಗೆ ಅನ್ನೋದು ನನಗೆ ಗೊತ್ತಿಲ್ಲ. ಹಾಳೆಯಲ್ಲಿರೋ ಹಾಗೆ ಅನ್ನೋದು ಗೊತ್ತು. ಹೇಗಿರಬೇಕು ಅಂತ ಬರಿ, ಹಾಗಾಗ್ತಾರೆ."

"ನಾನು ಏನು ಬರೆದ್ರೂ?"

"ಏನು ಬರೆದ್ರೂ."

ಕುಮುದಿನಿ ಪೆನ್ನು ತೆಗೆದುಕೊಂಡಳು. ಬಹಳ ಹೊತ್ತು ಯೋಚಿಸಿದಳು. ಆ ಹೆಂಗಸಿನ ಕಣ್ಣಿನಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು, ಅಂಬುಜಾಕ್ಷಮ್ಮನವರಿಗೆ ಅದು ಕಂಡಿತು. ಯಾಕೆಂದು ತಿಳಿಯಲಿಲ್ಲ. ಕೊನೆಗೆ ಅವಳು ಪೆನ್ನು ಇಟ್ಟು, ಒಳಗಿನಿಂದ ಅತ್ತೆಯ ದಿನಚರಿ ಪುಸ್ತಕಗಳನ್ನೆಲ್ಲ ಹೊತ್ತು ತಂದಳು. "ಅವರು ಬರೆದ ಹಾಗೇ ಮಾಡು" ಅಂದಳು.

ಬೊಂಬೆ ಓದುತ್ತ ಹೋಯಿತು. ಅಂಬುಜಾಕ್ಷಮ್ಮನವರಿಗೆ ಹೆಸರುಗಳು ಬಂದವು, ತಾರೀಕುಗಳು ಬಂದವು, ತೀರಿಹೋದ ಯಜಮಾನರ ಕನ್ನಡಕದ ನಂಬರೂ ಬಂತು.

"ಕುಮುದಿನಿ" ಅಂದರು. "ನೀನು ಬಂದಾಗಿನಿಂದ ಹದಿನೇಳು ಸಲ ಸಾರಿಗೆ ಉಪ್ಪು ಜಾಸ್ತಿ ಮಾಡಿದೀಯ."

"ಹೌದು ಅತ್ತೆ."

"ಮೂವತ್ತೊಂದು ವರ್ಷ ಆಯ್ತು. ಮತ್ತೇನೂ ಮಾಡ್ಲಿಲ್ವಾ?"

"ಮಾಡಿದ್ದೆ. ನೀವು ಬರ್ಕೊಳ್ಳಲಿಲ್ಲ."

ಅಂಬುಜಾಕ್ಷಮ್ಮ ಪುಟ ತಿರುವಿದರು. ಯಜಮಾನರು ಹೋದ ವರ್ಷ. ಸಾಲಾಗಿ ನಲವತ್ತು ಪುಟ ಖಾಲಿ.

"ಇಲ್ಲೇನಾಯ್ತು?"

"ನೀವು ಮಾತಾಡ್ಲಿಲ್ಲ. ನಾನೂ ಮಾತಾಡ್ಲಿಲ್ಲ. ದಿನಾ ಜಗುಲಿ ಮೇಲೆ ಎದುರುಬದುರು ಕೂತು ಅವರೆಕಾಯಿ ಸುಲಿದ್ವಿ."

"ನಲವತ್ತು ದಿನ?"

"ನಲವತ್ತು ದಿನ. ಕಾಯಿ ಮುಗಿದ್ರೆ ನೀವೇ ತಂದು ನನ್ನ ಮುಂದೆ ಸುರೀತಿದ್ರಿ."

"ಇದನ್ನೂ ಹಾಳೆಗೆ ಹಾಕಿಕೊಳ್ಳಲಾ?" ಅಂತ ಬೊಂಬೆ ಕೇಳಿತು.

"ನೀನು ಸುಮ್ಮನಿರು" ಅಂದರು ಅತ್ತೆ ಸೊಸೆ ಒಟ್ಟಿಗೆ.

ಅಂಬುಜಾಕ್ಷಮ್ಮ ಪುಸ್ತಕ ಮುಚ್ಚಿ, ಪಕ್ಕಕ್ಕೆ ಸರಿದು ಸೊಸೆಗೆ ಜಾಗ ಮಾಡಿದರು. "ಮೊದಲಿಂದ ಹೇಳು" ಅಂದರು.

ನೀತಿ ಬೇಕೇ? ಬೊಂಬೆಯ ಎಣಿಕೆ ಒಂದು ಜಾಸ್ತಿ ಬಂದರೆ ಮನೆಯವರನ್ನು ಒಮ್ಮೆ ಎಣಿಸಿಕೊಳ್ಳಿ. ಕತೆ ಬೆಟ್ಟ ಹತ್ತಿತು, ನಾವು ಚಾಪೆ ಸುತ್ತಿದೆವು.